ಹತ್ತು ಪ್ರಶ್ನೆಗಳ ‘ಆಡಿಟ್’: ಊರಿನ ಕುಡಿತ ಅಳೆಯಲು ಎಷ್ಟು ಉಪಯೋಗ?

ಮದ್ಯವರ್ಜನದ ಕೆಲಸ ಮಾಡುವ ಯಾವ ಸಂಘದ ವರದಿ ತೆಗೆದರೂ ಒಂದೇ ತರಹದ ಲೆಕ್ಕ ಇರುತ್ತದೆ. ಶಿಬಿರಕ್ಕೆ ಇಷ್ಟು ಜನ ಬಂದರು, ಇಷ್ಟು ಜಾಥಾ ಆಯಿತು, ಇಷ್ಟು ಮಂದಿ ಆಣೆ ಮಾಡಿದರು. ಊರಲ್ಲಿ ಕುಡಿತ ಕಡಿಮೆಯಾಯಿತಾ? ಅದಕ್ಕೆ ಉತ್ತರ ಸಿಗುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವ ನಾನು ಆ ಉತ್ತರ ಹುಡುಕಲು ಬಳಸುತ್ತಿರುವುದು ಕುಡಿತದ ತೊಂದರೆ ಗುರುತಿಸಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿರುವ ‘ಆಡಿಟ್’ ಪ್ರಶ್ನಾವಳಿ. ಬೇರೆ ಸಂಘದವರು ಇದರ ಬಗ್ಗೆ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಖರ್ಚಿಲ್ಲ, ಝೆರಾಕ್ಸ್ ದುಡ್ಡು ಅಷ್ಟೇ. ಒಂದೇ ಹಾಳೆ, ಹತ್ತು ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೀರಿ, ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲವಾ, ಬೆಳಗ್ಗೆ ಎದ್ದ ಕೂಡಲೇ ಬೇಕಾಯಿತಾ, ರಾತ್ರಿ ಆದದ್ದು ನೆನಪಿಲ್ಲದಂತೆ ಆಯಿತಾ, ಹೀಗೆ. ಒಟ್ಟು 40 ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಕುಡಿತಕ್ಕೆ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ. ಕುಡಿಯದವರಿಗೆ ಹೆಚ್ಚಿನ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು. ಪಿಯುಸಿ ಓದಿದ ಹುಡುಗಿಯರಿಗೂ ಚೆನ್ನಾಗಿ ತರಬೇತಿ ಕೊಟ್ಟರೆ ಕೇಳಿ ಬರೆದುಕೊಳ್ಳುತ್ತಾರೆ. ನಮ್ಮ ಕಡೆ ಮನೆಯೊಳಗೆ ತೆಲುಗು ಮಾತಾಡುವವರು ಬಹಳ, ಹಾಗಾಗಿ ಎರಡೂ ಭಾಷೆ ಬರುವವರನ್ನೇ ಕಳಿಸುತ್ತೇವೆ.

ಹೆಚ್ಚು ಜನ ಎಡವುವ ಜಾಗ ಅಳತೆ. ಆಡಿಟ್ ಲೆಕ್ಕದಲ್ಲಿ ಒಂದು ‘ಡ್ರಿಂಕ್’ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ಊರಲ್ಲಿ ಯಾರೂ ಗ್ರಾಂ ಲೆಕ್ಕದಲ್ಲಿ ಕುಡಿಯುವುದಿಲ್ಲ. 2007ರಲ್ಲಿ ಸಾರಾಯಿ ನಿಂತ ಮೇಲೆ ಹಳ್ಳಿಗಳಲ್ಲಿ ಓಡುತ್ತಿರುವುದು 90 ಎಂಎಲ್ ಟೆಟ್ರಾ ಪ್ಯಾಕು, 180 ಎಂಎಲ್ ಕ್ವಾರ್ಟರ್. 42.8% ಆಲ್ಕೋಹಾಲ್ ಇರುವ ವಿಸ್ಕಿಯಲ್ಲಿ ಒಂದು ನೈಂಟಿ ಅಂದರೆ ಸುಮಾರು 30 ಗ್ರಾಂ, ಅಂದರೆ ಮೂರು ಡ್ರಿಂಕ್. ಕ್ವಾರ್ಟರ್ ಅಂದರೆ ಆರು.

ಈಗ ನೋಡಿ. ‘ದಿನಾ ಒಂದೇ ಕ್ವಾರ್ಟರ್ ಅಕ್ಕ, ಜಾಸ್ತಿ ಇಲ್ಲ’ ಅನ್ನುವವರು ಊರೂರಲ್ಲಿ ಇದ್ದಾರೆ. ಅದನ್ನು ಒಂದು ಡ್ರಿಂಕ್ ಅಂತ ಬರೆದರೆ, ಎಷ್ಟು, ಎಷ್ಟು ಸಲ ಅಂತ ಕೇಳುವ ಮೊದಲ ಮೂರು ಪ್ರಶ್ನೆಗೆ ಸಿಗುವುದು 4 ಅಂಕ. ಆರು ಡ್ರಿಂಕ್ ಅಂತ ಸರಿಯಾಗಿ ಬರೆದರೆ 10. ಉಳಿದ ಏಳು ಪ್ರಶ್ನೆ ಕೇಳುವ ಮೊದಲೇ ಎಚ್ಚರಿಕೆಯ ಗೆರೆ ದಾಟಿ ಆಯಿತು. ಒಂದೇ ಮನುಷ್ಯ, ಅದೇ ಉತ್ತರ! ಇನ್ನೊಂದು ಕಡೆಯಿಂದ ನಮಗೆ ಬಂದಿದ್ದ ಕನ್ನಡ ಹಾಳೆಯಲ್ಲಿ ಈ ಲೆಕ್ಕವೇ ಇರಲಿಲ್ಲ. ಆಮೇಲೆ ನಾವೇ ನೈಂಟಿ, ಕ್ವಾರ್ಟರ್, ಬಿಯರ್ ಬಾಟಲಿಯ ಚಿತ್ರ ಹಾಕಿ, ಪಕ್ಕದಲ್ಲಿ ಡ್ರಿಂಕ್ ಸಂಖ್ಯೆ ಬರೆದ ಕಾರ್ಡ್ ಮಾಡಿಕೊಂಡೆವು. ಆ ಕಾರ್ಡ್ ಇಲ್ಲದೆ ಈ ಹಾಳೆ ಹಿಡಿದು ಹೊರಡಬೇಡಿ.

ಎರಡನೆಯದು ಸಮಯ. ಶಿಬಿರ ಮುಗಿದು ಮೂರು ತಿಂಗಳಿಗೆ ಮತ್ತೆ ಸರ್ವೆ ಮಾಡಿ ಅಂತ ದುಡ್ಡು ಕೊಡುವವರು ಒತ್ತಾಯ ಮಾಡುತ್ತಾರೆ. ಆದರೆ ಆಡಿಟ್‌ನ ಬಹಳಷ್ಟು ಪ್ರಶ್ನೆಗಳು ಕೇಳುವುದು ಕಳೆದ ಒಂದು ವರ್ಷದ ಬಗ್ಗೆ. ಮೂರು ತಿಂಗಳಿಂದ ಬಿಟ್ಟವನ ಅಂಕದಲ್ಲೂ ಹಳೆಯ ಒಂಬತ್ತು ತಿಂಗಳ ಕುಡಿತ ಇದ್ದೇ ಇರುತ್ತದೆ. ಪೂರ್ತಿ ವರ್ಷ ಕಾಯಲೇಬೇಕು. ಶಿಬಿರಕ್ಕೆ ಮೊದಲು ಒಂದು ಸುತ್ತು, ವರ್ಷ ಕಳೆದ ಮೇಲೆ ಇನ್ನೊಂದು, ಎರಡನ್ನೂ ಆಯಾ ವರ್ಷದ ಅದೇ ತಿಂಗಳಲ್ಲಿ ಮಾಡಿ. ಹೊಸತೊಡಕು, ಜಾತ್ರೆ ಮುಗಿದ ವಾರದಲ್ಲಿ ಕೇಳಿದರೆ ಜನರ ನೆನಪೆಲ್ಲ ಆ ವಾರದ್ದೇ ಆಗಿರುತ್ತದೆ.

ಯಾರನ್ನು ಕೇಳುತ್ತೀರಿ ಅನ್ನುವುದು ಎಲ್ಲಕ್ಕಿಂತ ದೊಡ್ಡದು. ಶಿಬಿರಕ್ಕೆ ಬಂದವರನ್ನೇ ಮತ್ತೆ ಕೇಳಿದರೆ ಫಲಿತಾಂಶ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಕುಡಿತ ತೀರಾ ಮಿತಿಮೀರಿದ ಹೊತ್ತಲ್ಲೇ ಜನ ಶಿಬಿರಕ್ಕೆ ಬರುವುದು. ಆಮೇಲೆ ಸ್ವಲ್ಪ ತಾನಾಗಿಯೇ ಇಳಿಯುತ್ತದೆ. ಮತ್ತೆ ಶುರು ಮಾಡಿದವರು ನಮ್ಮ ಕೈಗೆ ಸಿಗುವುದೂ ಇಲ್ಲ. ಅದಕ್ಕೇ ಇಡೀ ಊರಿನ ಮನೆಪಟ್ಟಿ ಇಟ್ಟುಕೊಂಡು, ಇಷ್ಟು ಮನೆಗೆ ಒಂದು ಅಂತ ಆರಿಸಿಕೊಂಡು ಹೋಗಬೇಕು. ಕಟ್ಟೆ ಮೇಲೆ ಕೂತವರನ್ನು ಕೇಳಿ ಮುಗಿಸಬಾರದು. ಕಾರ್ಯಕ್ರಮ ನಡೆಯದ ಪಕ್ಕದ ಊರೊಂದರಲ್ಲೂ ಅದೇ ಪ್ರಶ್ನೆ ಕೇಳಿ. ಅಲ್ಲೂ ಅಷ್ಟೇ ಇಳಿದಿದ್ದರೆ ನಮ್ಮ ಕೆಲಸದಿಂದ ಇಳಿಯಿತು ಅಂತ ಹೇಳುವುದು ಹೇಗೆ? ಇಂಥ ಊರನ್ನು ಸೇರಿಸಲು ಸಂಘದವರು ಹಿಂಜರಿಯುತ್ತಾರೆ. ನನಗೆ ಇದೇ ಇಡೀ ಸರ್ವೆಯ ಜೀವ.

ಕೇಳುವವರು ಶಿಬಿರ ನಡೆಸಿದವರಾಗಿರಬಾರದು. ಆಣೆ ಮಾಡಿಸಿದ ಅಕ್ಕನೇ ಹೋಗಿ ‘ಕುಡೀತೀಯಾ?’ ಅಂದರೆ ಯಾರು ಹೌದು ಅಂತಾರೆ? ಬೇರೆ ತಾಲ್ಲೂಕಿನ ಹುಡುಗರನ್ನು ಕಳಿಸಿ. ಗಂಡಸರು ಹಗಲಲ್ಲಿ ಮನೆಯಲ್ಲಿ ಇರುವುದಿಲ್ಲ, ಸಂಜೆ ಕುಡಿದಿರುತ್ತಾರೆ. ನಮಗೆ ಒಗ್ಗಿದ್ದು ಭಾನುವಾರ ಬೆಳಗ್ಗೆ.

ಇನ್ನು ಕೊರತೆಗಳು. ಈ ಹಾಳೆ ಕುಡಿಯುವವನನ್ನು ಮಾತ್ರ ಕೇಳುತ್ತದೆ. ಕೂಲಿ ದುಡ್ಡು ಮನೆಗೆ ಬಂತಾ, ರಾತ್ರಿ ಹೊಡೆತ ಬಿತ್ತಾ ಅನ್ನುವುದು ಇದರಲ್ಲಿಲ್ಲ. ಕುಡಿತ ನಿಲ್ಲಿಸಬೇಕು ಅಂತ ಊರಲ್ಲಿ ಮೊದಲು ಎದ್ದು ನಿಂತವರು ಹೆಂಗಸರು, ಅವರ ಉತ್ತರ ಬಿಟ್ಟ ಸರ್ವೆ ಅರ್ಧ ಮಾತ್ರ. ಅವರಿಗೆ ಬೇರೆ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ, ಹೆಂಗಸರೇ ಕೂತು ಒಬ್ಬೊಬ್ಬರನ್ನೇ ಕೇಳುತ್ತೇವೆ. ಆಡಿಟ್ ಪ್ರಶ್ನೆಗಳನ್ನು ಮಾತ್ರ ತಿದ್ದುವುದಿಲ್ಲ. ತಿದ್ದಿದರೆ ಅಂಕಕ್ಕೆ ಅರ್ಥ ಇರುವುದಿಲ್ಲ.

ಇನ್ನೂ ಶುರು ಮಾಡದ ಹುಡುಗರ ಬಗ್ಗೆಯೂ ಇದು ಏನೂ ಹೇಳುವುದಿಲ್ಲ. ಕುಡಿಯದವನಿಗೆ ಈಗಲೂ ಸೊನ್ನೆ, ಮುಂದಿನ ವರ್ಷವೂ ಸೊನ್ನೆ. ಅದಕ್ಕೆ ಐಸ್‌ಲ್ಯಾಂಡ್ ದಾರಿ ಚೆನ್ನ. ಅಲ್ಲಿ ಶಾಲಾ ಮಕ್ಕಳಿಗೆ ಹೆಸರು ಬರೆಸದೆ ಸರ್ವೆ ಮಾಡಿ, ಫಲಿತಾಂಶವನ್ನು ಆಯಾ ಊರಿನ ಅಪ್ಪ ಅಮ್ಮಂದಿರ ಮುಂದೆ ಇಡುತ್ತಾರೆ. ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದ 15–16ರ ಹುಡುಗ ಹುಡುಗಿಯರು 1998ರಲ್ಲಿ 42% ಇದ್ದರು, 2016ರಲ್ಲಿ 5%.

ಗಾಂಜಾ, ಮಾತ್ರೆ ಇವುಗಳಿಗೆ ಆಡಿಟ್ ಬೇಡ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯದೇ ‘ಅಸಿಸ್ಟ್’ ಅನ್ನುವ ಬೇರೆ ಪ್ರಶ್ನಾವಳಿ ಇದೆ. ಆದರೆ ಮನೆ ಬಾಗಿಲಲ್ಲಿ ನಿಂತು ಕೇಳಿದರೆ ಇಂಥದ್ದನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಮದ್ಯ, ಮಾದಕ ವಸ್ತು ಬಳಕೆಯ ಬಗ್ಗೆ 2019ರಲ್ಲಿ ವರದಿ ಬಂದ ರಾಷ್ಟ್ರೀಯ ಸರ್ವೆಯಲ್ಲಿ ಎರಡು ಲಕ್ಷ ಮನೆಗೆ ಹೋಗಿದ್ದರೂ, ಮಾದಕ ವಸ್ತು ಬಳಸುವವರನ್ನು ಅವರ ಗೆಳೆಯರ ಮೂಲಕ ಪ್ರತ್ಯೇಕವಾಗಿ ಹುಡುಕಿ ಮಾತಾಡಿಸಬೇಕಾಯಿತು.

ನನ್ನ ಲೆಕ್ಕದಲ್ಲಿ ಆಡಿಟ್‌ಗೆ ಐದಕ್ಕೆ ನಾಲ್ಕು ಅಂಕ. ಕಾರ್ಡ್, ಪಟ್ಟಿ, ಪಕ್ಕದ ಊರು ಮೂರೂ ಇದ್ದರೆ ಕಣ್ಣು ಮುಚ್ಚಿ ಶುರು ಮಾಡಿ. ಇಲ್ಲದಿದ್ದರೆ ಸುಮ್ನೆ ಹಾಳೆ ತುಂಬಿಸಿದ ಹಾಗೆ.

ಒಂದು ಮಾತು ಮಾತ್ರ ಮರೆಯಬೇಡಿ. ಅದೇ ರಾಷ್ಟ್ರೀಯ ಸರ್ವೆ ಪ್ರಕಾರ ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. 20 ಮುಟ್ಟಿದವರ ಅಂಕ ಬರೆದುಕೊಂಡು ಎದ್ದು ಬರಬಾರದು. ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಡಾಕ್ಟರ ಹತ್ತಿರ ಹೋಗಿ ಬಿಡಿ ಅಂತ ಹೇಳಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಸಿಗುವ ದಿನ, ಉಚಿತ ಸಹಾಯವಾಣಿ 14446, ಎರಡನ್ನೂ ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಪ್ರತಿ ಮನೆಗೂ ಕೊಡಿ. ಕುಡಿಯದವರ ಮನೆಗೂ ಕೊಟ್ಟರೆ ಯಾರ ಅಂಕ ಎಷ್ಟು ಅನ್ನುವುದು ಅಕ್ಕಪಕ್ಕದವರಿಗೆ ಗೊತ್ತಾಗುವುದಿಲ್ಲ.