ನಿರ್ಮಾಪಕರು ಕತ್ತರಿಸಿದ್ದ ಏಳು ನಿಮಿಷ: ‘ನೈಟ್ಸ್ ಆಫ್ ಕಬೀರಿಯಾ’ ಡಿವಿಡಿ

ಇಟಲಿಯ ನಿರ್ಮಾಪಕ ಡಿನೋ ಡಿ ಲಾರೆಂಟಿಸ್ ಅವರ ಬದುಕು ಮತ್ತು ಕೆಲಸದಲ್ಲಿ ಆಸಕ್ತಿ ಇರುವವರು ಮೊದಲು ನೋಡಬೇಕಾದದ್ದು ಕ್ರೈಟೀರಿಯನ್ ಸಂಸ್ಥೆ 1999ರಲ್ಲಿ ಹೊರತಂದ ‘ನೈಟ್ಸ್ ಆಫ್ ಕಬೀರಿಯಾ’ ಡಿವಿಡಿ ಎಂಬುದು ನನ್ನ ಅಭಿಪ್ರಾಯ. 1957ರ ಈ ಕಪ್ಪುಬಿಳುಪು ಚಿತ್ರವನ್ನು ಎಲ್ಲರೂ ನಿರ್ದೇಶಕ ಫೆಲಿನಿಯ ಹೆಸರಿನಿಂದಲೇ ನೆನೆಯುತ್ತಾರೆ. ಆದರೆ ಈ ಡಿವಿಡಿಯನ್ನು ನೋಡುವಾಗ ನನ್ನ ಗಮನ ಮತ್ತೆ ಮತ್ತೆ ಹೋದದ್ದು ಅದಕ್ಕೆ ಹಣ ಹೂಡಿ, ಅದರ ಒಂದು ಭಾಗಕ್ಕೆ ಕತ್ತರಿಯನ್ನೂ ಹಾಕಿದ ನಿರ್ಮಾಪಕರ ಕಡೆಗೆ.

ಆ ಭಾಗ ಸುಮಾರು ಏಳು ನಿಮಿಷಗಳದ್ದು. ರೋಮ್ ನಗರದ ಹೊರವಲಯದಲ್ಲಿ ಚೀಲ ಹಿಡಿದ ವ್ಯಕ್ತಿಯೊಬ್ಬ ಗುಹೆಗಳಲ್ಲಿ, ನೆಲದ ಗುಂಡಿಗಳಲ್ಲಿ ಬದುಕುತ್ತಿರುವ ನಿರ್ಗತಿಕರಿಗೆ ಆಹಾರ ಹಂಚುತ್ತ ನಡೆಯುತ್ತಾನೆ. ಅವನ ಹಿಂದೆ ಹೋಗುವ ಕಬೀರಿಯಾ, ವೇಶ್ಯಾವೃತ್ತಿಯಲ್ಲಿರುವ ಚಿತ್ರದ ನಾಯಕಿ, ಒಂದು ಗುಂಡಿಯಿಂದ ಮೇಲೆದ್ದು ಬರುವ ಮುದುಕಿಯನ್ನು ಗುರುತಿಸುತ್ತಾಳೆ: ಒಂದು ಕಾಲದಲ್ಲಿ ತನ್ನದೇ ವೃತ್ತಿಯಲ್ಲಿ ಮೆರೆದಿದ್ದ ಹೆಂಗಸು. ಸದಾ ವಟಗುಟ್ಟುವ, ಜಗಳಕ್ಕೆ ನಿಲ್ಲುವ ಕಬೀರಿಯಾ ಇಲ್ಲಿ ಮೆತ್ತಗಾಗುತ್ತಾಳೆ. ಆ ಪಾತ್ರ ಮಾಡಿರುವ ಜೂಲಿಯೆಟ್ಟಾ ಮಸಿನಾ ಅವರ ಮುಖದ ಮೇಲೆ ಆ ಬದಲಾವಣೆ ಇಳಿಯುವುದನ್ನು ಕಣ್ಣಾರೆ ಕಾಣಬಹುದು.

ಈ ದೃಶ್ಯ ಕಥೆಯ ಓಟವನ್ನು ತಡೆಯುತ್ತದೆ ಎಂಬುದು ಡಿ ಲಾರೆಂಟಿಸ್ ಅವರ ವಾದವಾಗಿತ್ತು. ಫೆಲಿನಿ ಒಪ್ಪದಿದ್ದಾಗ, ಎಡಿಟಿಂಗ್ ಕೋಣೆಯಿಂದ ಅದನ್ನು ತಾವೇ ಕದ್ದೊಯ್ದುದಾಗಿ ಮುಂದೆ ಅವರೇ ಹೇಳಿಕೊಂಡರು. ದಶಕಗಳ ಕಾಲ ಕಾಣದಿದ್ದ ಆ ಭಾಗ 1998ರ ಮರುಬಿಡುಗಡೆಯಲ್ಲಿ ಸ್ವಸ್ಥಾನಕ್ಕೆ ಮರಳಿತು. ಓಟ ನಿಲ್ಲುತ್ತದೆ ಎಂಬ ಮಾತು ಸುಳ್ಳಲ್ಲ. ಆದರೂ, ಕೊನೆಯಲ್ಲಿ ಕಬೀರಿಯಾ ಮದುವೆಯ ಆಸೆಗೆ ತನ್ನ ಪುಟ್ಟ ಮನೆಯನ್ನೇ ಮಾರಿದಾಗ ನಮ್ಮ ಎದೆ ನಡುಗುವುದು, ಮನೆಯಿಲ್ಲದವಳು ಎಲ್ಲಿ ಸೇರುತ್ತಾಳೆಂಬುದನ್ನು ಆ ಗುಂಡಿಯಲ್ಲಿ ಆಗಲೇ ಕಂಡಿರುವುದರಿಂದ. ಅಲ್ಲಿ ನಿರ್ಮಾಪಕರ ಲೆಕ್ಕ ತಪ್ಪಿತೆಂದೇ ನಾನು ನಂಬುತ್ತೇನೆ.

ಹಾಗೆಂದು ಅವರನ್ನು ಖಳನಾಯಕನಂತೆ ಕಾಣುವುದು ಅನ್ಯಾಯ. ನೇಪಲ್ಸ್ ಬಳಿಯ ತೊರೆ ಅನ್ನುನ್ಸಿಯಾತಾದಲ್ಲಿ 1919ರಲ್ಲಿ ಪಾಸ್ತಾ ತಯಾರಕರ ಮಗನಾಗಿ ಹುಟ್ಟಿ, ಸ್ಪಗೆಟ್ಟಿ ಮಾರುತ್ತ ಬೆಳೆದವರು ಅವರು. ಇನ್ನೊಬ್ಬ ನಿರ್ಮಾಪಕ ಕಾರ್ಲೊ ಪಾಂಟಿ ಅವರೊಂದಿಗೆ ಫೆಲಿನಿಯ ‘ಲಾ ಸ್ಟ್ರಾಡಾ’ವನ್ನೂ, ಬಳಿಕ ಒಬ್ಬರೇ ಈ ಚಿತ್ರವನ್ನೂ ನಿರ್ಮಿಸಿದರು, ಎರಡಕ್ಕೂ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು. ರೋಮ್‌ನ ಹೊರಗೆ ‘ಡಿನೋಚಿತ್ತಾ’ ಎಂಬ ಬೃಹತ್ ಸ್ಟುಡಿಯೊ ಕಟ್ಟಿ, ಅದು ಕೈಬಿಟ್ಟುಹೋದ ಮೇಲೆ ಅಮೆರಿಕಕ್ಕೆ ತೆರಳಿ ‘ಸರ್ಪಿಕೊ’ದಂಥ ಚಿತ್ರಗಳನ್ನು ಕೊಟ್ಟರು. ಅಲ್ಲಿಯೂ ಅವರ ಕಂಪನಿಯೊಂದು 1988ರಲ್ಲಿ ದಿವಾಳಿಯಾಯಿತು. 2010ರಲ್ಲಿ, 91ರ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ, 2001ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿ ನಿರ್ಮಾಪಕರಿಗೆ ನೀಡುವ ಥಾಲ್ಬರ್ಗ್ ಸ್ಮಾರಕ ಪ್ರಶಸ್ತಿ ಸಂದಿತು.

ಡಿವಿಡಿಯಲ್ಲಿ ಅವರ ಸಂದರ್ಶನವೂ ಇದೆ, ಆದರೆ ಧ್ವನಿ ಮಾತ್ರ. ಇಷ್ಟು ಮುಖ್ಯ ವ್ಯಕ್ತಿಯ ಮುಖವನ್ನೂ ತೋರಿಸಬೇಕಿತ್ತು ಎಂಬುದೊಂದೇ ನನ್ನ ಕೊರಗು. ಕಬೀರಿಯಾ ಪಾತ್ರ ಮೊದಲು ಕಾಣಿಸಿಕೊಂಡ 1952ರ ‘ದ ವೈಟ್ ಶೇಕ್’ ಚಿತ್ರದ ತುಣುಕೂ ಜೊತೆಗಿದೆ. ಮೊದಲು ಚಿತ್ರವನ್ನು ಪೂರ್ತಿ ನೋಡಿ, ನಂತರ ಸಂದರ್ಶನ ಕೇಳಿ, ಆಮೇಲೆ ಚೀಲದವನ ದೃಶ್ಯವನ್ನು ಇನ್ನೊಮ್ಮೆ ಹಾಕಿಕೊಳ್ಳಿ.