‘ಅದು ಬೂಷ್ಟಲ್ಲ, ನಾವೇ ಬೆಳೆಸಿದ್ದು’ ಅಂದ. ನಂಬಿದೆ, 11 ಕುರಿ ಹೋದವು

ಕುರಿ ಸಾಕುವವರು ದಯವಿಟ್ಟು ಪೂರ್ತಿ ಓದಿ. ‘ಶಿಲೀಂಧ್ರ ಸಂಸ್ಕರಿಸಿದ ಶೇಂಗಾ ಹಿಂಡಿ’ ಅಂತ ಯಾರಾದರೂ ಮೂಟೆ ತಂದರೆ ಇಳಿಸಿಕೊಳ್ಳಬೇಡಿ. ನಾನು ಇಳಿಸಿಕೊಂಡೆ.

ನಮ್ಮದು ಶಿರಾ ಕಡೆ. 60 ಕುರಿ ಇದ್ದವು. ಹಿಂಡಿ ಯಾವಾಗಲೂ ಚಳ್ಳಕೆರೆಯಿಂದ ತರುತ್ತಿದ್ದೆವು. ದುಡ್ಡು ಕೊಡುವ ಮೊದಲು ಚೂರು ಮುರಿದು, ಮೂಸಿ, ಬಾಯಿಗೆ ಹಾಕಿ ನೋಡುವುದು ಅಪ್ಪನ ಕಾಲದ ರೂಢಿ. ಈ ಸಲ ಅದನ್ನೇ ಬಿಟ್ಟೆ. ಕೆಜಿಗೆ ಬರೀ 24 ರೂಪಾಯಿ ಅಂದಾಗಲೇ ಎಚ್ಚರ ಆಗಬೇಕಿತ್ತು. 20 ಮೂಟೆಗೆ ಪೂರ್ತಿ ಹಣ ಮುಂಗಡ ಕಳಿಸಿದೆ.

ಮಾರಿದವನು ಹೇಳಿದ್ದು ಇಷ್ಟು: ಅಣಬೆಯ ಶಿಲೀಂಧ್ರ ಬೆಳೆಸಿದರೆ ಗಟ್ಟಿ ನಾರು ಸಡಿಲವಾಗುತ್ತೆ, ಕುರಿಗೆ ಚೆನ್ನಾಗಿ ಅರಗುತ್ತೆ. ಇದು ಸುಳ್ಳಲ್ಲ. ಶೇಂಗಾ ಸಿಪ್ಪೆ, ಸೂರ್ಯಕಾಂತಿ ಹೊಟ್ಟಿಗೆ ಹಾಗೆ ಮಾಡುತ್ತಾರೆ. ಆದರೆ ಹಿಂಡಿಗೆ ಯಾಕೆ? ನೂರಕ್ಕೆ 40ರಷ್ಟು ಪ್ರೋಟೀನ್ ಇರುವ, ತಾನಾಗಿಯೇ ಅರಗುವ ಹಿಂಡಿಗೆ ಅಣಬೆ ಯಾಕೆ ಬೇಕು? ಈ ಒಂದು ಪ್ರಶ್ನೆ ನನಗೆ ಆಗ ಹೊಳೆಯಲೇ ಇಲ್ಲ. ಇವತ್ತಿಗೂ ಅದೇ ಕೊರೆಯುತ್ತಿದೆ.

ಮೂಟೆ ಬಿಚ್ಚಿದರೆ ಒಳಗೆಲ್ಲ ತೇವ. ಹಸಿರು, ಹಳದಿ ಪುಡಿ. ಮುಗ್ಗಲು ವಾಸನೆ. ತಕ್ಷಣ ಫೋನ್ ಮಾಡಿದೆ.

‘ಅದು ಬೂಷ್ಟಲ್ಲ ಸಾರ್, ನಾವೇ ಬೆಳೆಸಿದ್ದು. ಅದಕ್ಕೇ ಅಲ್ವಾ ನೀವು ದುಡ್ಡು ಕೊಟ್ಟಿದ್ದು?’

ಬಾಯಿ ಕಟ್ಟಿಹೋಯಿತು. ಕೊಳೆತ ಮಾಲಿಗೆ ಮೊದಲೇ ಒಂದು ಹೆಸರಿಟ್ಟು ಮಾರಿದ್ದ. ನಾನು ಏನು ಕೇಳಿದರೂ ಆ ಹೆಸರೇ ಅವನಿಗೆ ಉತ್ತರ. ‘ಬಿಸಿಲಿಗೆ ಒಣಗಿಸಿ ಹಾಕಿ’ ಅಂದ. ಒಣಗಿಸಿ ಹಾಕಿದೆ. ನನ್ನ ಕೈಯಾರೆ ಹಾಕಿದೆ.

ಮೂರನೇ ವಾರಕ್ಕೆ ಮೇವು ಬಿಟ್ಟವು. ಗಬ್ಬದ ಕುರಿ ನಾಲ್ಕು ಕಂದು ಹಾಕಿದವು. ಕಣ್ಣಿನ ಒಳಗೆ ಹಳದಿ. ಮೊದಲು ಹೋದವು ಮರಿಗಳು, ಆಮೇಲೆ ದೊಡ್ಡವು. ಒಟ್ಟು 11. ಡಾಕ್ಟರು ಒಂದನ್ನು ಕೊಯ್ದು ನೋಡಿದರು, ಪಿತ್ತಜನಕಾಂಗ ಕೆಟ್ಟಿತ್ತು. ಹಿಂಡಿಯನ್ನು ಪರೀಕ್ಷೆಗೆ ಕಳಿಸಿದರೆ ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಹುಟ್ಟುವ ವಿಷ. ದನದ ಆಹಾರಕ್ಕೆ ಇರುವ ಮಿತಿ ಕೆಜಿಗೆ 20 ಮೈಕ್ರೋಗ್ರಾಂ, ಇದು ಅದನ್ನು ಎಷ್ಟೋ ದಾಟಿತ್ತು. ಬಿಸಿಲಿಗೆ ಹಾಕಿದರೂ, ಕುದಿಸಿದರೂ ಈ ವಿಷ ಪೂರ್ತಿ ಹೋಗಲ್ಲವಂತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಟರ್ಕಿ ಕೋಳಿ ಸತ್ತಿದ್ದೂ ಇಂಥ ಶೇಂಗಾ ಹಿಂಡಿಯಿಂದಲೇ ಅಂದರು.

ವರದಿ ಕಳಿಸಿದೆ. ‘ಅದು ಕರುಳು ಬೇನೆ, ಲಸಿಕೆ ಹಾಕಿಸಿಲ್ಲ ನೀವು’ ಅಂದ. ಹಾಕಿಸಿದ ಚೀಟಿ ತೋರಿಸಿದೆ. ‘ನಿಮ್ಮ ಕೊಟ್ಟಿಗೆಯಲ್ಲೇ ಮಳೆಗೆ ನೆನೆದಿದೆ’ ಅಂದ. ನಮ್ಮಲ್ಲಿ ಆ ತಿಂಗಳು ಒಂದು ಹನಿ ಬಿದ್ದಿಲ್ಲ! ಆಮೇಲೆ ‘ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ’. ಈಗ ಫೋನೇ ಎತ್ತಲ್ಲ. ಬಿಲ್ಲು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಮುಂಗಡ ಕೊಡಬೇಡಿ, ಬಿಲ್ಲು ಬಿಡಬೇಡಿ. ಪರೀಕ್ಷೆಯ ವರದಿ ಇಲ್ಲದೆ ಈ ಹೆಸರಿನ ಯಾವ ಮಾಲನ್ನೂ ಮುಟ್ಟಬೇಡಿ. ನೋಡಲು ಚೆನ್ನಾಗಿದ್ದರೂ ವಿಷ ಇರಬಹುದು, ಕಣ್ಣಿಗೆ ಕಾಣಲ್ಲ. ನನ್ನದರಲ್ಲಿ ಕಣ್ಣಿಗೆ ಕಂಡಿತ್ತು, ಆದರೂ ಹಾಕಿದೆ.

ಇನ್ನೂ 14 ಮೂಟೆ ಉಳಿದಿವೆ. ತಿಪ್ಪೆಗೆ ಹಾಕಿದರೆ ಕೋಳಿಗಳು ಕೆದಕುತ್ತವೆ. ನಾಳೆ ಗುಂಡಿ ತೋಡಿ ಹೂಳುತ್ತೇನೆ.