ಚೈನ್ ಬಡಿತಕ್ಕೆ ಏನು ಹಾಕಬೇಕು? ನಿಯೋಪ್ರೀನ್ ಕವರ್, ಹಳೇ ಟ್ಯೂಬ್, ಮಾಸ್ಟಿಕ್ ಟೇಪ್

ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಸೈಕಲ್ ತೊಳೆಯಲು ಕೂತಿದ್ದೆ. ಚೈನ್ ಪಕ್ಕದಲ್ಲೇ ಹಿಂದಿನ ಚಕ್ರದ ಕಡೆ ಹೋಗುವ ಪೈಪ್ ಇರುತ್ತದಲ್ಲ, ಚೈನ್‌ಸ್ಟೇ, ಅದಕ್ಕೆ ಚೈನ್ ಬಡಿಯದಿರಲಿ ಅಂತ ಜೂನ್‌ನಲ್ಲಿ ಒಂದು ನಿಯೋಪ್ರೀನ್ ಕವರ್ ಹಾಕಿದ್ದೆ. ಅವತ್ತು ಮೊದಲ ಸಲ ಅದನ್ನು ಬಿಚ್ಚಿದೆ. ಒಳಗೆ ಕಪ್ಪು ರಾಡಿ. ಬಟ್ಟೆಯಿಂದ ಒರೆಸಿದೆ. ರಾಡಿಯ ಕೆಳಗೆ ಬಣ್ಣವೇ ಇರಲಿಲ್ಲ. ಚೈನ್ ಬಡಿದು ಬಣ್ಣ ಹೋದರೆ ಅಲ್ಲಲ್ಲಿ ಚುಕ್ಕೆ ಬೀಳುತ್ತದೆ. ಇದು ಹಾಗಿರಲಿಲ್ಲ. ನಾಲ್ಕು ಬೆರಳು ಉದ್ದ, ಒಂದೇ ಸಮ, ಬೂದು ಬಣ್ಣದ ಅಲ್ಯೂಮಿನಿಯಂ. ಯಾರೋ ಕೂತು ಪಾಲಿಶ್ ಪೇಪರ್ ಹಿಡಿದು ಉಜ್ಜಿದ ಹಾಗೆ.

ಫ್ರೇಮ್ ಕಾಯಲಿ ಅಂತ ಹಾಕಿದ್ದೇ ಫ್ರೇಮನ್ನು ತಿಂದಿತ್ತು. ತುಂಬಾ ಬೇಜಾರಾಯಿತು.

ಅಲ್ಲಿಂದ ಒಂದು ವರ್ಷದಲ್ಲಿ ಬೇರೆ ಬೇರೆ ಹಾಕಿ ನೋಡಿದ್ದೇನೆ. ಈಗ ನನ್ನ ಸೈಕಲ್ಲಿನಲ್ಲಿ ಇರುವುದು ಕರೆಂಟ್ ಸಾಮಾನಿನ ಅಂಗಡಿಯ ರಬ್ಬರ್ ಮಾಸ್ಟಿಕ್ ಟೇಪ್. ಅದನ್ನು ತೆಗೆಯುವ ಯೋಚನೆ ನನಗಿಲ್ಲ. ನಮ್ಮ ಕಡೆಯ ಮಣ್ಣಿಗೆ ಫ್ರೇಮಿನ ಮೇಲೆ ತೊಡಿಸುವಂಥದ್ದು ಬೇಡ, ಮೆತ್ತುವಂಥದ್ದೇ ಬೇಕು. ಯಾಕೆ ಅಂತ ಹೇಳುತ್ತೇನೆ.

ನನ್ನದು ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್. ಮುಂದೆ ಮೂರು, ಹಿಂದೆ ಎಂಟು ಗೇರ್. ವಾರದ ದಿನಗಳಲ್ಲಿ ಧಾರವಾಡದೊಳಗೇ, ಕೆಲಗೇರಿ ಕೆರೆ ತನಕ ಹೋಗಿ ಬರುವುದು. ಭಾನುವಾರ ಪಶ್ಚಿಮಕ್ಕೆ ಹೊರಟರೆ ಮಸಾರಿ ಅನ್ನುವ ಕೆಂಪು ಮಣ್ಣು, ಗರಸಿನ (ಸಣ್ಣ ಕಲ್ಲಿನ) ದಾರಿ. ಪೂರ್ವಕ್ಕೆ ಹೆಬ್ಬಳ್ಳಿ, ಅಮ್ಮಿನಬಾವಿ ಕಡೆ ತಿರುಗಿದರೆ ಕಪ್ಪು ಮಣ್ಣಿನ ಎರಿ ಹೊಲ, ಚಕ್ಕಡಿ ದಾರಿ. ವರ್ಷಕ್ಕೆ ಒಂದೆರಡು ಸಲ ಗೆಳೆಯನ ಗಾಡಿಯಲ್ಲಿ ಸೈಕಲ್ ಹಾಕಿಕೊಂಡು ಗದಗ ದಾಟಿ ಕಪ್ಪತಗುಡ್ಡದ ಬುಡದ ಡೋಣಿ ಕಡೆ ಹೋಗುತ್ತೇವೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಯಿತು. ಹಾಗಾಗಿ ಗುಡ್ಡದ ಒಳಗೆ ಹೋಗುವುದಿಲ್ಲ, ಬುಡದ ಊರುಗಳ ನಡುವಿನ ಕಲ್ಲು ದಾರಿಯಲ್ಲೇ ಓಡಾಡುತ್ತೇವೆ. ಚೈನ್ ಬಡಿತ ಅಂದರೆ ಏನು ಅಂತ ತಿಳಿಯಲು ಅಷ್ಟು ದಾರಿ ಸಾಕು.

ಇಳಿಜಾರಿನಲ್ಲಿ ಪೆಡಲ್ ತುಳಿಯುವುದು ನಿಲ್ಲಿಸಿದ ಕೂಡಲೇ ಮೇಲಿನ ಚೈನಿನ ಬಿಗಿ ಹೋಗುತ್ತದೆ. ಚಕ್ರ ಕಲ್ಲಿನಿಂದ ಕಲ್ಲಿಗೆ ಹಾರುವಾಗ ಚೈನ್ ಮೇಲೆ ಕೆಳಗೆ ಕುಣಿದು ಚೈನ್‌ಸ್ಟೇಗೆ ಬಡಿಯುತ್ತದೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್‌ನಲ್ಲಿ ಕ್ಲಚ್ ಇದ್ದರೆ ಅದು ಚೈನನ್ನು ಹಿಡಿದಿಡುತ್ತದೆ. ನನ್ನ ಡಿರೇಲರ್‌ನಲ್ಲಿ ಬರೀ ಸ್ಪ್ರಿಂಗ್ ಇದೆ. ಸಣ್ಣ ಹಲ್ಲು ಚಕ್ರಗಳಲ್ಲಿ ಚೈನ್ ಇದ್ದರಂತೂ ಬಡಿತ ಇನ್ನೂ ಜಾಸ್ತಿ. ಅಲ್ಯೂಮಿನಿಯಂ ಪೈಪ್ ಒಳಗೆ ಟೊಳ್ಳು, ಆದ್ದರಿಂದ ತಗಡಿನ ಡಬ್ಬಿ ಬಡಿದ ಹಾಗೆ ಸದ್ದು. ಆ ಗದ್ದಲದಲ್ಲಿ ಬೇರೆ ಏನಾದರೂ ಸಡಿಲಾಗಿದ್ದರೂ ಕೇಳುವುದಿಲ್ಲ.

ಏನು ಹಾಕುವ ಮೊದಲೂ ಒಂದು ಕೆಲಸ ಮಾಡಿ. ಪೇಂಟರ್‌ಗಳು ಬಳಸುವ ಬಿಳಿ ಕಾಗದದ ಟೇಪ್ ತಂದು ಚೈನ್‌ಸ್ಟೇಗೆ ಸುತ್ತಿ. ನಿಮ್ಮ ದಿನದ ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಚೈನಿನ ಕಪ್ಪು ಎಣ್ಣೆ ಎಲ್ಲೆಲ್ಲಿ ಮುದ್ರೆ ಒತ್ತಿದೆಯೋ ಬಡಿತ ಬೀಳುವುದು ಅಲ್ಲೇ. ನನ್ನ ಸೈಕಲ್ಲಿನಲ್ಲಿ ಪೈಪಿನ ಮೇಲ್ಭಾಗದಲ್ಲಿ, ನಡುವಿನಿಂದ ಸ್ವಲ್ಪ ಮುಂದೆ, ಒಂದು ಗೇಣು ಉದ್ದಕ್ಕೆ ದಟ್ಟವಾಗಿ ಬಿದ್ದಿತ್ತು. ಗೇರ್ ಚಕ್ರದ ಹತ್ತಿರ ಮೇಲಕ್ಕೆ ಏರುವ ಸೀಟ್‌ಸ್ಟೇ ಪೈಪಿನ ಒಳ ಬದಿಯಲ್ಲೂ ಮೂರು ಗುರುತು. ಅಲ್ಲಿ ಬಡಿಯುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ಆ ನಿಯೋಪ್ರೀನ್ ಕವರ್. ಆನ್‌ಲೈನ್‌ನಲ್ಲಿ ಇನ್ನೂರೈವತ್ತು ರೂಪಾಯಿ ಆಸುಪಾಸು ಕೊಟ್ಟು ತರಿಸಿದ್ದೆ. ಮೆತ್ತಗಿನ ಬಟ್ಟೆಯಂಥ ರಬ್ಬರ್, ಅಂಚಿಗೆ ವೆಲ್ಕ್ರೋ. ಎರಡು ನಿಮಿಷದಲ್ಲಿ ಹಾಕಿ ಮುಗಿಯಿತು. ಮೊದಲ ದಿನ ಬಹಳ ಖುಷಿಯಾಗಿತ್ತು. ಟಣ್ ಟಣ್ ಸದ್ದು ಪೂರ್ತಿ ನಿಂತು, ದಪ್ಪ ಬಟ್ಟೆ ಮೇಲೆ ಗುದ್ದಿದಂತೆ ಬರೀ ಡಬ್ ಡಬ್ ಅಂತಿತ್ತು. ಸದ್ದಿನ ವಿಷಯಕ್ಕೆ ಇವತ್ತಿಗೂ ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ತೊಂದರೆ ಶುರುವಾಗಿದ್ದು ಮಳೆ ಹಿಡಿದ ಮೇಲೆ. ಎರಿ ಮಣ್ಣಿನ ಗುಣ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಒಣಗಿದಾಗ ಕೈ ಹೋಗುವಷ್ಟು ಬಿರುಕು, ಹಸಿಯಾದಾಗ ಅಂಟು. ಚಕ್ರಕ್ಕೆ ಮೆತ್ತಿಕೊಂಡು ಚಕ್ರವೇ ತಿರುಗದ ಹಾಗೆ ಮಾಡುತ್ತದೆ. ಆ ಮಣ್ಣು ನೀರಿನ ಜೊತೆ ಸೇರಿ ವೆಲ್ಕ್ರೋ ಸಂದಿಯಿಂದ ಕವರಿನ ಒಳಗೆ ಇಳಿಯುತ್ತದೆ. ಅದರ ಹಿಂದೆಯೇ ಗರಸಿನ ಸಣ್ಣ ಹರಳು. ಒಳಗೆ ಹೋಗಿದ್ದು ಹೊರಗೆ ಬರುವುದಿಲ್ಲ. ಕವರ್ ನೀರು ಹೀರಿ ಒದ್ದೆಯಾಗೇ ಇರುತ್ತದೆ. ಸೈಕಲ್ಲನ್ನು ಮನೆಯ ಒಳಗೆ ಎರಡು ದಿನ ನಿಲ್ಲಿಸಿದ ಮೇಲೆ ಕವರನ್ನು ಬೆರಳಲ್ಲಿ ಒತ್ತಿದರೂ ಕಪ್ಪು ನೀರು ಜಿನುಗುತ್ತಿತ್ತು.

ಆಮೇಲೆ ಚೈನಿನ ಕೆಲಸ. ಪ್ರತಿ ಬಡಿತಕ್ಕೂ ಕವರ್ ಕೂದಲೆಳೆಯಷ್ಟು ಜರುಗುತ್ತದೆ. ಒಳಗೆ ಹರಳು, ಮೇಲೆ ಒತ್ತುವ ರಬ್ಬರ್, ಕೆಳಗೆ ಬಣ್ಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ಭಾನುವಾರ ಭಾನುವಾರ ಅದೇ ನಡೆದಿದೆ. ನನಗೆ ಗೊತ್ತಾಗಲಿಲ್ಲ, ಏಕೆಂದರೆ ಹೊರಗಿನಿಂದ ಕವರ್ ಚೆನ್ನಾಗೇ ಕಾಣುತ್ತಿತ್ತು. ನನ್ನನ್ನು ಎಲ್ಲಕ್ಕಿಂತ ಕಾಡಿದ್ದು ಇದೇ. ಬರೀ ಫ್ರೇಮ್ ಇದ್ದಿದ್ದರೆ ಮೊದಲ ಗಾಯ ಬಿದ್ದಾಗಲೇ ಕಾಣುತ್ತಿತ್ತು, ಏನಾದರೂ ಮಾಡುತ್ತಿದ್ದೆ. ಕವರ್ ಗಾಯವನ್ನು ಮುಚ್ಚಿಟ್ಟುಕೊಂಡಿತ್ತು.

ಪ್ರತಿ ರೈಡ್ ಮುಗಿದ ಮೇಲೆ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಹಾಕಿದರೆ ಹೀಗಾಗುವುದಿಲ್ಲ, ಒಪ್ಪುತ್ತೇನೆ. ಗೆಳೆಯನೊಬ್ಬ ಹಾಗೇ ಮಾಡುತ್ತಾನೆ, ಅವನ ಫ್ರೇಮ್ ಹೊಸದರಂತೆ ಇದೆ. ನಾನು ಭಾನುವಾರ ಮನೆಗೆ ಬರುವಾಗ ಊಟದ ಹೊತ್ತು ಮೀರಿರುತ್ತದೆ. ಒಂದು ಬಕೆಟ್ ನೀರು ಸುರಿದು ಚೈನಿಗೆ ಎಣ್ಣೆ ಬಿಟ್ಟರೆ ನನ್ನ ಕೆಲಸ ಮುಗಿಯಿತು. ವೆಲ್ಕ್ರೋ ಕೊಕ್ಕೆಗಳಲ್ಲಿ ಒಣಗಿದ ಎರಿ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಶ್ ಹಿಡಿದು ತೆಗೆಯಲು ನೋಡಿದ್ದೇನೆ, ಅರ್ಧ ಗಂಟೆ ಹಿಡಿಯಿತು. ಪೂರ್ತಿ ಹೋಗಲೂ ಇಲ್ಲ. ಮಣ್ಣು ತುಂಬಿದ ವೆಲ್ಕ್ರೋ ಮೊದಲಿನಷ್ಟು ಬಿಗಿ ಹಿಡಿಯುವುದಿಲ್ಲ. ಕವರ್ ಸಡಿಲಾದಷ್ಟೂ ಜಾಸ್ತಿ ಜರುಗುತ್ತದೆ.

ಡಾಂಬರು ರಸ್ತೆ, ಒಣ ಹವೆ, ವಾರಕ್ಕೊಮ್ಮೆ ಬಿಚ್ಚುವ ಅಭ್ಯಾಸ, ಇಷ್ಟು ಇದ್ದವರಿಗೆ ನಿಯೋಪ್ರೀನ್ ಸಾಕು.

ಹಳೇ ಟ್ಯೂಬಿನ ಉಪಾಯ ಹೇಳಿದ್ದು ನಾನು ಖಾಯಂ ಹೋಗುವ ಪಂಕ್ಚರ್ ಅಂಗಡಿಯ ಕಾಕಾ. "ಹಳೀ ಟ್ಯೂಬ್ ಸುತ್ತರಿ ಸರ, ಸುಮ್ನ ಯಾಕ ರೊಕ್ಕ ಹಾಕ್ತೀರಿ?" ಅಂತ ಮೂಲೆಯ ರಾಶಿಯಿಂದ ಒಂದನ್ನು ಎಳೆದು ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ವಾಲ್ವ್ ಕತ್ತರಿಸಿ ತೆಗೆದು, ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ತೊಳೆದು ಒಣಗಿಸಿದೆ. ಆಮೇಲೆ ಬಿಗಿಯಾಗಿ ಎಳೆಯುತ್ತಾ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವ ಹಾಗೆ ಸುತ್ತಿದೆ. ಎರಡೂ ತುದಿಗೆ ಜಿಪ್ ಟೈ.

ಇದು ನಿಯೋಪ್ರೀನ್‌ಗಿಂತ ಎಷ್ಟೋ ಮೇಲು. ಎಳೆದು ಸುತ್ತಿದ ರಬ್ಬರ್ ಪೈಪನ್ನು ಕಚ್ಚಿ ಹಿಡಿಯುತ್ತದೆ, ಜರುಗುವುದಿಲ್ಲ. ನೀರು ಹೀರುವುದಿಲ್ಲ. ಸದ್ದೂ ಚೆನ್ನಾಗಿ ತಗ್ಗುತ್ತದೆ. ಐದು ತಿಂಗಳು ಇಟ್ಟುಕೊಂಡೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಣ್ಣು ಮುಚ್ಚಿ ಇದನ್ನೇ ಮಾಡಿ.

ಆದರೆ ಚೈನ್ ಎಣ್ಣೆ ಬಿದ್ದ ಕಡೆ ಟ್ಯೂಬ್ ನಿಧಾನಕ್ಕೆ ಊದಿಕೊಂಡು ಮೆತ್ತಗಾಯಿತು. ಸುತ್ತುಗಳ ನಡುವೆ ಸಂದಿ ಬಿತ್ತು. ಸಂದಿ ಬಿದ್ದ ಮೇಲೆ ಕೇಳಬೇಕೆ, ಎರಿ ಮಣ್ಣು ಒಳಗೆ ಬಂತು. ಪಂಕ್ಚರ್ ಸೊಲ್ಯೂಷನ್ ಬಳಿದು ಅಂಟಿಸಿ ನೋಡಿದೆ. ಟ್ಯೂಬಿಗೆ ಟ್ಯೂಬ್ ಅಂಟಿತು, ಬಣ್ಣಕ್ಕೆ ಮಾತ್ರ ಅಂಟಲಿಲ್ಲ. ಕಬ್ಬಿಣದ ಫ್ರೇಮ್ ಇದ್ದವರು ಇನ್ನೂ ಎಚ್ಚರ ಇರಬೇಕು, ಒಳಗೆ ನೀರು ನಿಂತರೆ ತುಕ್ಕು ಹಿಡಿಯುತ್ತದೆ. ನಾಲ್ಕು ತಿಂಗಳಿಗೊಮ್ಮೆ ಹೊಸ ಟ್ಯೂಬ್ ಸುತ್ತಿಕೊಂಡರೆ ಸಾಕು.

ಪಾರದರ್ಶಕ ಪಾಲಿಯುರೆಥೇನ್ ಟೇಪ್ ನೋಡಲು ಚೆಂದ. ಹೆಲಿಕಾಪ್ಟರ್ ರೆಕ್ಕೆಗಳನ್ನು ಮರಳಿನ ಹೊಡೆತದಿಂದ ಕಾಯಲು ಬಳಸುತ್ತಿದ್ದದ್ದು, ಅದಕ್ಕೇ ಹೆಲಿಕಾಪ್ಟರ್ ಟೇಪ್ ಅನ್ನುವ ಹೆಸರು. ಗೀರು ತಡೆಯುತ್ತದೆ, ಆದರೆ ತೆಳು. ಸದ್ದು ಹಾಗೇ ಇರುತ್ತದೆ. ಕೇಬಲ್ ಉಜ್ಜುವ ಜಾಗಕ್ಕೆ ಬಹಳ ಒಳ್ಳೆಯದು, ಅಲ್ಲಿಗೆ ಬಳಸಿ.

ಕರಿ ಇನ್ಸುಲೇಷನ್ ಟೇಪ್ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಟೇಪ್ ಜಾರುತ್ತದೆ, ಕಾಲಿಗೆಲ್ಲ ಮೆತ್ತುತ್ತದೆ.

ಇನ್ನು ಮಾಸ್ಟಿಕ್ ಟೇಪ್. ವಿದ್ಯುತ್ ಕೇಬಲ್ ಜೋಡಣೆಗೆ ನೀರು ಹೋಗದಂತೆ ಸುತ್ತುವ ದಪ್ಪ ಟೇಪ್ ಇದು. ನಾನು ತಂದದ್ದು ತ್ರೀಎಂ ಕಂಪನಿಯ 2228. ದಪ್ಪ 1.65 ಮಿಲಿಮೀಟರ್, ಅಗಲ ಎರಡು ಇಂಚು, ಉದ್ದ ಮೂರು ಮೀಟರ್. ಮೇಲೆ ಎಳೆದರೆ ಹಿಗ್ಗುವ ರಬ್ಬರ್, ಕೆಳಗೆ ಹದವಾಗಿ ನಾದಿದ ಕಣಕದಂಥ ಅಂಟು. ಈ ಅಂಟೇ ಇದರ ಜೀವ. ಒತ್ತಿದರೆ ಪೈಪಿನ ಬಾಗಿಗೆ, ವೆಲ್ಡಿಂಗ್ ಗಂಟಿಗೆ, ಹಳೇ ಗೀರಿನ ಒಳಗೂ ತುಂಬಿಕೊಳ್ಳುತ್ತದೆ. ಟೇಪಿಗೂ ಫ್ರೇಮಿಗೂ ನಡುವೆ ಜಾಗವೇ ಉಳಿಯುವುದಿಲ್ಲ. ಜಾಗ ಇಲ್ಲದ ಮೇಲೆ ಮಣ್ಣು ಎಲ್ಲಿ ಕೂರಬೇಕು?

ಹುಡುಕುವುದೇ ಸ್ವಲ್ಪ ಕಷ್ಟ. ಧಾರವಾಡದಲ್ಲಿ ಕೇಳಿದ ಎರಡು ಅಂಗಡಿಯಲ್ಲಿ ಇರಲಿಲ್ಲ, ಹುಬ್ಬಳ್ಳಿಯಲ್ಲಿ ಸಿಕ್ಕಿತು. ಚಿಗರಿ ಬಸ್ ಹತ್ತಿ ಹೋಗಿ ತಂದೆ. ಟೇಪ್ ತುಟ್ಟಿ, ಒಂದು ರೋಲಿಗೆ ಎಂಟು ನೂರರ ಮೇಲಾಯಿತು. ಆದರೆ ಒಂದು ಸೈಕಲ್ಲಿಗೆ ಬೇಕಾಗುವುದು ಮೂವತ್ತು ಸೆಂಟಿಮೀಟರ್ ಆಸುಪಾಸು. ನಾಲ್ಕು ಜನ ಸೇರಿ ತಂದರೆ ತಲೆಗೆ ಇನ್ನೂರು ಚಿಲ್ಲರೆ, ನಿಯೋಪ್ರೀನ್‌ಗಿಂತ ಸೋವಿ. ಅಷ್ಟಾದರೂ ಅರ್ಧಕ್ಕಿಂತ ಜಾಸ್ತಿ ಟೇಪ್ ಉಳಿಯುತ್ತದೆ.

ಹಚ್ಚುವಾಗ ಅವಸರ ಮಾಡಬೇಡಿ. ಪೈಪನ್ನು ಸೋಪಿನಿಂದ ತೊಳೆದು, ಒಣಗಿಸಿ, ಔಷಧ ಅಂಗಡಿಯ ಸ್ಪಿರಿಟ್‌ನಿಂದ ಎರಡು ಸಲ ಒರೆಸಿ. ಎಣ್ಣೆಯ ಒಂದು ಪಸೆ ಉಳಿದರೂ ಅಂಟು ಬಿಡುತ್ತದೆ. ಟೇಪನ್ನು ಕತ್ತರಿಸಿ ನಾಲ್ಕೂ ಮೂಲೆ ಗುಂಡಗೆ ಮಾಡಿಕೊಳ್ಳಿ, ಚೂಪು ಮೂಲೆ ಮೊದಲು ಏಳುತ್ತದೆ. ಕತ್ತರಿಗೆ ನೀರು ಹಚ್ಚಿಕೊಂಡರೆ ಅಂಟು ಹಿಡಿಯುವುದಿಲ್ಲ. ಎಳೆದು ಅಂಟಿಸಬೇಡಿ. ಎಳೆದ ರಬ್ಬರ್ ಮತ್ತೆ ಕುಗ್ಗುತ್ತದೆ, ಆಗ ಅಂಚು ಬಿಟ್ಟುಕೊಳ್ಳುತ್ತದೆ. ನಾನು ಮೊದಲ ಸಲ ಎಳೆದೇ ಹಚ್ಚಿದ್ದೆ, ವಾರದೊಳಗೆ ಹಿಂದಿನ ತುದಿ ಎದ್ದಿತು. ಎರಡನೇ ಸಲ ಸುಮ್ನೆ ಇಟ್ಟು, ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಹತ್ತು ನಿಮಿಷ ಬಿಸಿಲಿಗೆ ನಿಲ್ಲಿಸಿ ಮತ್ತೆ ಒತ್ತಿದೆ. ಬಿಳಿ ಟೇಪಿನಲ್ಲಿ ಗುರುತು ದಟ್ಟವಾಗಿದ್ದ ಜಾಗದ ಮೇಲೆ ಬೆರಳಗಲದ ಮೂರು ತುಂಡುಗಳನ್ನು ಒಂದರ ಹಿಂದೆ ಒಂದು ಉಬ್ಬಿನಂತೆ ಇಟ್ಟೆ. ಚೈನ್ ಮೊದಲು ಆ ಉಬ್ಬಿಗೆ ತಾಗುತ್ತದೆ. ಸೀಟ್‌ಸ್ಟೇ ಒಳಗೂ ಒಂದು ಚಿಕ್ಕ ತುಂಡು.

ಸದ್ದು ನಿಯೋಪ್ರೀನ್‌ನಷ್ಟೇ ಕಡಿಮೆ. ಒಂದು ಮಳೆಗಾಲ ಮುಗಿದಿದೆ. ಮೇಲ್ಮೈಯಲ್ಲಿ ಚೈನಿನ ಕೊಂಡಿಗಳ ಗುರುತುಗಳಿವೆ, ಅಂಚು ಎಲ್ಲೂ ಎದ್ದಿಲ್ಲ. ಬಕೆಟ್ ನೀರು ಸುರಿದರೆ ಮಣ್ಣು ಇಳಿದು ಹೋಗುತ್ತದೆ. ಕೊರತೆ ಒಂದಿದೆ. ತೆಗೆಯುವಾಗ ಅಂಟು ಫ್ರೇಮಿನ ಮೇಲೆ ಉಳಿಯುತ್ತದೆ. ಮೊದಲ ಸಲದ್ದನ್ನು ಕಿತ್ತಾಗ ಸೀಮೆಎಣ್ಣೆ ಹಚ್ಚಿ ಉಜ್ಜಬೇಕಾಯಿತು, ಒಂದು ಸಂಜೆ ಅದಕ್ಕೇ ಹೋಯಿತು. ಸೈಕಲ್ ಬೇಗ ಮಾರುವವರು ಇದನ್ನು ಯೋಚಿಸಿ.

ಕ್ಲಚ್ ಇರುವ ಡಿರೇಲರ್ ಹಾಕಿಸಿದರೆ ಬಡಿತವೇ ಕಡಿಮೆಯಾಗುತ್ತದೆ, ನಿಜ. ನನ್ನ ಸೈಕಲ್ಲಿಗೆ ಅದನ್ನು ಹಾಕಬೇಕು ಅಂದರೆ ಗೇರ್ ಸೆಟ್ ಪೂರ್ತಿ ಬದಲಾಗಬೇಕು. ಅಷ್ಟು ದುಡ್ಡು ಈಗ ಇಲ್ಲ. ಕಲ್ಲು ದಾರಿ ಬಂದಾಗ ಮುಂದಿನ ನಡು ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಗಳ ಕಡೆಗೂ ಚೈನ್ ತಂದುಕೊಳ್ಳುತ್ತೇನೆ. ಆಗ ಡಿರೇಲರ್ ಮುಂದಕ್ಕೆ ಎಳೆದುಕೊಂಡು ಸ್ಪ್ರಿಂಗ್ ಬಿಗಿಯಾಗುತ್ತದೆ, ಬಡಿತ ಸುಮಾರು ತಗ್ಗುತ್ತದೆ. ಇದಕ್ಕೆ ಖರ್ಚಿಲ್ಲ.

ಬಣ್ಣ ಹೋದ ಆ ನಾಲ್ಕು ಬೆರಳು ಜಾಗಕ್ಕೆ ಟೇಪ್ ಹಚ್ಚುವ ಹಿಂದಿನ ದಿನ ಎರಡು ಕೋಟ್ ಉಗುರು ಬಣ್ಣ ಬಳಿದು ಒಣಗಿಸಿದ್ದೆ. ರೋಲ್‌ನಲ್ಲಿ ಇನ್ನೂ ಒಂದೂವರೆ ಮೀಟರ್ ಉಳಿದಿದೆ. ಪಂಕ್ಚರ್ ಅಂಗಡಿಯ ಕಾಕಾ ಒಂದು ತುಂಡು ಹಿಡಿದು ನೋಡಿ, ತಮ್ಮ ಮಗನ ಸೈಕಲ್ಲಿಗೂ ಹಚ್ಚಿ ಕೊಡಿ ಅಂದಿದ್ದಾರೆ. ಬರುವ ಭಾನುವಾರ ಸ್ಪಿರಿಟ್, ಕತ್ತರಿ ತೆಗೆದುಕೊಂಡು ಹೋಗುತ್ತೇನೆ.